ಕಿಟಕಿಗೆ ಕೊಟ್ಟ ತೋಳು

ಪರಮಶಿವಯ್ಯನವರ ಅಟ್ಟದ ಮೇಲಿರುವ ತೆಂಗಿನಕಾಯಿಗೆ ಸಿಗುವ ಆರೈಕೆ ನಮ್ಮ ಹಟ್ಟಿಯ ಬಾಣಂತಿಗೂ ಸಿಗುವುದಿಲ್ಲ.

ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಆ ಆರೈಕೆ ಮಾಡುವವಳೇ ನಾನು. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಅದು ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಷ್ಟು ದಿನವೂ ಅದಕ್ಕೆ ಮಳೆ ಹನಿ ತಾಗಬಾರದು. ಇಲಿ ತಾಗಬಾರದು. ಥಂಡಿ ಹಿಡಿದರೆ ಕೆಳಗೆ ಹೊಗೆ ಹಾಕಬೇಕು. ಹೊಗೆ ಹೆಚ್ಚಾದರೆ ಕಾಯಿ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ನಾನು ಜ್ವರ ಬಂದು ಮಲಗಿದರೆ ನನ್ನ ಬದಲು ಹೋಗುವವಳು ಮೊದಲು ನನ್ನ ಗುಡಿಸಲಿಗೆ ಬರಬೇಕು. "ಮರಿಯಕ್ಕಾ, ಬಡಗಲ ಮೂಲೆ ಕಾಯಿಗೆ ನೆನ್ನೆ ಹೊಗೆ ಕೊಟ್ಟಿದ್ದಾ ಇಲ್ವಾ?" ಎಂದು ಕೇಳಬೇಕು. ಕೇಳದೆ ಬೆಂಕಿ ಹೊತ್ತಿಸಿದರೆ ಪರಮಶಿವಯ್ಯನವರು ಅವಳ ವಂಶದವರನ್ನೆಲ್ಲ ಹೆಸರು ಹಿಡಿದು ನೆನೆಯುತ್ತಾರೆ. ನೋಡಿಕೊಳ್ಳುವ ಕೈ ಬದಲಾಗಬಹುದು. ಕಾಯಿಯ ಕಥೆ ಮಾತ್ರ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಲೇಬೇಕು.

ನಮಗೆ ಆ ಯೋಗವಿಲ್ಲ. ನನ್ನ ನಾದಿನಿ ಹೊಂಬಾಳಿಯ ಕಥೆ ಹೇಳುತ್ತೇನೆ.

ಹೊಂಬಾಳಿ ಅದೇ ಪರಮಶಿವಯ್ಯನವರ ಕಣದಲ್ಲಿ ಚಿಪ್ಪು ಬಿಡಿಸುವ ಕೆಲಸದವಳು. ಗಂಡಸರು ಕಾಯಿ ಸುಲಿದು ಎಸೆಯುತ್ತಾರೆ. ಇವಳು ಎಡ ಅಂಗೈಯಲ್ಲಿ ಕಾಯಿ ಹಿಡಿದು ಬಲಗೈಯ ಮಚ್ಚಿನಿಂದ ಚಿಪ್ಪು ಹಾರಿಸಬೇಕು. ಒಳಗಿನ ಉಂಡೆಗೆ ಗೀರು ಬೀಳಬಾರದು. ಉಂಡೆಗೆ ಗೀರು ಬಿದ್ದರೆ ಬೈಗುಳ. ಅಂಗೈಗೆ ಗೀರು ಬಿದ್ದರೆ ಯಾರೂ ಕೇಳುವುದಿಲ್ಲ. ಬೆಳಗಿನ ಗಂಜಿ ಕುಡಿದು ಕೂತರೆ ದನ ಮನೆಗೆ ಬರುವ ಹೊತ್ತಿನವರೆಗೆ ಅದೇ ಕೆಲಸ. ಸೊಂಟ ಹಿಡಿದುಕೊಳ್ಳುತ್ತದೆ. ರಾತ್ರಿ ಮುದ್ದೆ ಮುರಿಯುವುದಕ್ಕೂ ಬೆರಳು ಮಡಚುವುದಿಲ್ಲ.

ತುರುವೇಕೆರೆಯ ಸರ್ಕಾರಿ ಆಸ್ಪತ್ರೆ ನಾವು ಕೆಲಸಕ್ಕೆ ಕೂತ ಮೇಲೆ ಬಾಗಿಲು ತೆಗೆಯುತ್ತದೆ, ನಾವು ಏಳುವ ಮುಂಚೆ ಮುಚ್ಚುತ್ತದೆ. ಕಾಯಿಲೆ ಬಂದ ದಿನ ಕೂಲಿ ಬಿಟ್ಟು ಹೋದರೆ ಔಷಧಿ ಕುಡಿಯಬಹುದು, ಮುದ್ದೆ ಉಣ್ಣುವ ಹಾಗಿಲ್ಲ. ಇದನ್ನು ಕಂಡು ಕೊಬ್ಬರಿ ವ್ಯಾಪಾರದ ದೊಡ್ಡವರಿಗೆ ಕರುಳು ಚುರುಕ್ ಎಂದಿತು. ನಮ್ಮೂರ ಬಸ್ಸು ನಿಲ್ಲುವ ಕಡೆ ಒಂದು ಹೆಂಚಿನ ಮನೆ ಕಟ್ಟಿಸಿ ಧರ್ಮ ಔಷಧಾಲಯ ಎಂದು ಬೋರ್ಡು ಹಾಕಿದರು. ಕೆಲಸ ಬಿಡುವ ಹೊತ್ತಿಗೆ ತೆಗೆಯುತ್ತದೆ. ಭಾನುವಾರವೂ ಇರುತ್ತದೆ. ತಿಪಟೂರಿನಿಂದ, ತುರುವೇಕೆರೆಯಿಂದ ಡಾಕ್ಟರುಗಳು ಸರದಿಯ ಮೇಲೆ ಬರುತ್ತಾರೆ. ಸೋಮವಾರದವರು ಬೇರೆ, ಮಂಗಳವಾರದವರು ಬೇರೆ. ಪರಮಶಿವಯ್ಯನವರೇ ಅಧ್ಯಕ್ಷರು. ಅವರ ಅಕ್ಕನ ಮಗ ತೋಂಟದಾರ್ಯ ಕಾಂಪೌಂಡರು. ತೆರೆದ ದಿನ ಅಧ್ಯಕ್ಷರು ಭಾಷಣ ಮಾಡಿದರು: "ಬಡವರ ಸೇವೆಯೇ ಶಿವಪೂಜೆ."

ಶಿವನಿಗೆ ಮುಂಬಾಗಿಲಲ್ಲಿ ಪೂಜೆ. ನಮಗೆ ಹಿಂದಿನ ಕಿಟಕಿಯಲ್ಲಿ.

ಕಟ್ಟುವಾಗಲೇ ಯೋಚನೆ ಮಾಡಿ ಕಟ್ಟಿದ್ದರು. ಹಿಂದಿನ ಗೋಡೆಗೆ ಎದೆಮಟ್ಟಕ್ಕೆ ಒಂದು ಕಿಟಕಿ. ಅದಕ್ಕೆ ಸರಳು. ಸರಳಿನ ಸಂದು ಒಂದು ತೋಳು ಹೋಗುವಷ್ಟು. ಹಟ್ಟಿಯವರು ಬಂದರೆ ಹಿಂದೆ ನಿಂತು ಕೂಗಬೇಕು. ಒಳಗಿನಿಂದ ಕೇಳುತ್ತಾರೆ, ಏನಾಗಿದೆ? ಹೇಳಬೇಕು. ತೋಳು ಕೊಡು ಎನ್ನುತ್ತಾರೆ. ಕೊಡಬೇಕು. ಸೂಜಿ ಬೀಳುತ್ತದೆ. ತೋಳು ವಾಪಸ್ಸು ತೆಗೆದುಕೊಂಡು ಮನೆಗೆ ಹೋಗಬೇಕು. ಮುಖ ತೋರಿಸುವ ತೊಂದರೆಯೇ ಇಲ್ಲ. ಹಿಂದಿನ ವರ್ಷ ತುರ್ತು ಪರಿಸ್ಥಿತಿಯಲ್ಲಿ ಮಕ್ಕಳಾಗದಂತೆ ಆಪರೇಷನ್ ಮಾಡಲು ಹಟ್ಟಿಗೇ ಜೀಪು ಬಂದಿತ್ತು. ಆಗ ನಮ್ಮ ಗಂಡಸರನ್ನು ರಟ್ಟೆ ಹಿಡಿದು ಎತ್ತಿ ಹತ್ತಿಸಿದ್ದರು. ಅಂದು ಯಾರಿಗೂ ಮೈಲಿಗೆಯಾಗಿರಲಿಲ್ಲ. ಕಾಯಿಲೆ ವಾಸಿ ಮಾಡುವುದಕ್ಕೆ ಮಾತ್ರ ಸರಳು ಬೇಕು.

ಮಳೆಗಾಲದ ಮೊದಲಲ್ಲಿ ಹೊಂಬಾಳಿಯ ಅಂಗೈಗೆ ಚಿಪ್ಪು ಹೊಡೆಯಿತು. ಗಾಯ ಮೇಲೆ ಮುಚ್ಚಿತು, ಒಳಗೆ ಕೀವು ಕಟ್ಟಿತು. ಒಂದು ಸೋಮವಾರ ಸಂಜೆ ಇಬ್ಬರೂ ಔಷಧಾಲಯಕ್ಕೆ ಹೋದೆವು. ಅವಳು ಕಿಟಕಿಗೆ ತೋಳು ಕೊಟ್ಟಳು. ಬಿಳಿ ಪುಡಿಗೆ ನೀರು ಬೆರೆಸಿ ಕುಲುಕಿ ಹಾಕುವ ಸೂಜಿ ಬಿತ್ತು. ತೋಳು ವಾಪಸ್ಸು ತೆಗೆದುಕೊಂಡಳು. ಹತ್ತು ಹೆಜ್ಜೆ ನಡೆದಿರಲಿಲ್ಲ.

"ಅಕ್ಕಾ, ಮೈಯೆಲ್ಲ ತುರುಚೆ ಸೊಪ್ಪು ಉಜ್ಜಿದಂಗೆ ಆಯ್ತದೆ" ಎಂದಳು.

ನೋಡುತ್ತಿದ್ದಂತೆ ತುಟಿ ಊದಿಕೊಂಡವು. ಕಣ್ಣು ಮುಚ್ಚಿಹೋದವು. ಗಂಟಲಲ್ಲಿ ಗೊರಗೊರ ಸದ್ದು. ಕುಸಿದು ಬಿದ್ದಳು. ನಾನು ಕಿಟಕಿಯ ಸರಳು ಹಿಡಿದು ಕಿರುಚಿದೆ. ಸೋಮವಾರದ ಡಾಕ್ಟರು ಚಿಕ್ಕ ವಯಸ್ಸಿನವನು. ಒಳ್ಳೆಯ ತಾಯಿ ಹೆತ್ತ ಮಗ. ಮುಂಬಾಗಿಲಿಂದ ಸುತ್ತಿಕೊಂಡು ಓಡಿಬಂದು ಕೆಸರಲ್ಲೇ ಮಂಡಿಯೂರಿ ಬೇರೆ ಸೂಜಿ ಚುಚ್ಚಿದ. ಅವಳ ಉಸಿರು ಸರಿಯಾಗುವವರೆಗೆ ಎದ್ದೇಳಲಿಲ್ಲ. ಆಮೇಲೆ ನನಗೆ ಹೇಳಿದ:

"ಇವರಿಗೆ ಈ ಇಂಜೆಕ್ಷನ್ ಆಗಿಬರಲ್ಲ. ಇನ್ನೊಂದು ಸಲ ಹಾಕಿದರೆ ಪ್ರಾಣ ಉಳಿಯಲ್ಲ. ಯಾರೇ ಡಾಕ್ಟರು ಬಂದರೂ ಮೊದಲು ಇದನ್ನ ಹೇಳಿ."

"ನಮ್ಮ ಮಾತು ಕೇಳ್ತಾರಾ ಸ್ವಾಮಿ? ಒಂದು ಚೀಟಿ ಬರ್ಕೊಡಿ."

ಅವನು ತೋಂಟದಾರ್ಯನ ಕಡೆ ನೋಡಿದ. ತೋಂಟದಾರ್ಯ ಹೇಳಿದ, "ಕಿಟಕಿಗೆ ಚೀಟಿ ಇಲ್ಲ ಸಾರ್. ಚೀಟಿ ಮುಂದ್ಲ ಬಾಗ್ಲಿಗೆ. ನಾನು ಜ್ಞಾಪಕ ಇಟ್ಕೋತೀನಿ ಬುಡಿ."

ಆ ಚಿಕ್ಕ ಡಾಕ್ಟರು ಮತ್ತೆ ಬರಲಿಲ್ಲ. ಹಟ್ಟಿಯವಳನ್ನು ಮುಟ್ಟಿ ಸ್ನಾನ ಮಾಡದೆ ಒಳಗೆ ಬಂದು ಮೀನಾಕ್ಷಮ್ಮನವರ ನಾಡಿ ಹಿಡಿದನಂತೆ. ಸೋಮವಾರಕ್ಕೆ ಬೇರೆಯವರನ್ನು ಗೊತ್ತು ಮಾಡಿದರು.

ಮೀನಾಕ್ಷಮ್ಮ ಪರಮಶಿವಯ್ಯನವರ ತಾಯಿ. ಅವರಿಗೆ ಮಂಡಿ ನೋವು, ಅಜೀರ್ಣ, ಮತ್ತು ಪುರಸೊತ್ತು. ದಿನಾ ಬರುತ್ತಾರೆ. ಯಾವ ವಾರದ ಡಾಕ್ಟರು ಬಂದರೂ ಬಸ್ಸಿಳಿಯುತ್ತಿದ್ದಂತೆ ತೋಂಟದಾರ್ಯ ಹಿಂದೆಯೇ ಹೋಗಿ ಒಪ್ಪಿಸುತ್ತಾನೆ: ಅಜ್ಜಿಗೆ ನೆನ್ನೆ ಕೆಂಪು ಮಾತ್ರೆ ಕೊಟ್ಟಿದ್ದು, ಎದೆ ಉರಿ ಬಂತು, ಮೊನ್ನೆಯ ಹಳದಿಯದೇ ವಾಸಿ, ಬೆಳಿಗ್ಗೆ ಎರಡು ಇಡ್ಲಿ ತಿಂದವ್ರೆ. ಡಾಕ್ಟರು ಒಳಗೆ ಬಂದು ಕೂರುವ ಮೊದಲೇ ಮೀನಾಕ್ಷಮ್ಮನವರ ಹೊಟ್ಟೆಯೊಳಗಿನ ಇಡ್ಲಿಯೂ ಅವರಿಗೆ ಪರಿಚಯವಾಗಿರುತ್ತದೆ. ಹಾಗಾಗಿ ತೋಂಟದಾರ್ಯನಿಗೆ ಜ್ಞಾಪಕಶಕ್ತಿ ಇಲ್ಲ ಎಂದು ನಾನು ಹೇಳಲಾರೆ. ಅದರಲ್ಲಿ ಕಿಟಕಿಗೆ ಜಾಗ ಉಳಿದಿರಲಿಲ್ಲ, ಅಷ್ಟೆ.

ಗಾಯ ಹಾಗೇ ಇತ್ತು. ತುಂಬೆ ಸೊಪ್ಪು ಕಟ್ಟಿದೆವು. ಅರಿಸಿನ ಹಚ್ಚಿದೆವು. ನಾಲ್ಕು ದಿನ ಆರುತ್ತದೆ, ಮತ್ತೆ ಊದುತ್ತದೆ. ಅಂಗೈ ದಪ್ಪಗಾಗಿ ಬೆರಳು ಮಡಚುವುದು ನಿಂತುಹೋಯಿತು. ಎಡಗೈಯಿಲ್ಲದ ಚಿಪ್ಪಿನವಳನ್ನು ಯಾವ ಕಣದಲ್ಲಿ ಇಟ್ಟುಕೊಳ್ಳುತ್ತಾರೆ? ಅವಳ ಗಂಡ ತೀರಿಕೊಂಡು ವರ್ಷಗಳಾಗಿವೆ. ಎರಡು ಹೆಣ್ಣುಮಕ್ಕಳಿದ್ದಾರೆ. ಕೈ ಹೋದರೆ ಮೂರು ಹೊಟ್ಟೆ ಹೋಯಿತು. ಕೈ ಉಳಿಸಿಕೊಳ್ಳಲು ಕಿಟಕಿಗೆ ಹೋದರೆ ಪ್ರಾಣ ಹೋಯಿತು.

ಒಂದು ಗುರುವಾರ ಹೋದೆವು. ಗುರುವಾರದ ಡಾಕ್ಟರು ಮೊದಲಿಂದ ಶುರು ಮಾಡಿದರು. ಏನಾಗಿದೆ? ಎಷ್ಟು ದಿನ? ತೋಳು ಕೊಡು.

"ಸ್ವಾಮಿ, ಆ ಪುಡಿ ಕುಲುಕಿ ಹಾಕೋ ಸೂಜಿ ನಂಗಾಗಲ್ಲ. ಸತ್ತು ಬದುಕಿವ್ನಿ" ಎಂದಳು ಹೊಂಬಾಳಿ.

"ಯಾವ ಸೂಜಿ ಅಂತ ನೀನು ಹೇಳ್ತೀಯೇನೇ? ಹಂಗಾದ್ರೆ ನೀನೇ ಒಳಗೆ ಬಂದು ಕೂತ್ಕೋ, ನಾನು ಕಾಯಿ ಒಡೀತೀನಿ."

ಒಳಗಿದ್ದವರೆಲ್ಲ ನಕ್ಕರು. ತೋಂಟದಾರ್ಯನೂ ನಕ್ಕ. ಅವನಿಗೆ ಅವಳ ದನಿ ಗೊತ್ತಿತ್ತು.

ಹೊಂಬಾಳಿ ತೋಳು ಕೊಡದೆ ವಾಪಸ್ಸು ಬಂದಳು.

ಮಾರನೆಯ ದಿನ ಪರಮಶಿವಯ್ಯನವರ ಉಗ್ರಾಣದಲ್ಲಿ ಕೌಟು ಕೊಬ್ಬರಿ ಬೇರೆ ಮಾಡುತ್ತಿದ್ದೆವು. ಕೌಟೆಂದರೆ ಒಳಗೆ ಕೆಟ್ಟು ನಾರುವ ಕೊಬ್ಬರಿ. ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಆ ಮೂಟೆಗಳ ಮೇಲೆ ತಾರಿನಲ್ಲಿ ಒಂದು ಕತ್ತರಿ ಗೀಟು, ಅದರ ಕೆಳಗೊಂದು ಅಡ್ಡಗೀಟು ಎಳೆಯುತ್ತಾರೆ. ತಿಪಟೂರು ಸಂತೆಯಲ್ಲಿ ಯಾವ ದಲ್ಲಾಳಿ ಬರಲಿ, ಹೊಸಬನೋ ಹಳಬನೋ, ಆ ಗೀಟು ಕಂಡರೆ ಕೈ ಹಾಕುವುದಿಲ್ಲ. ಯಾರೂ ಯಾರಿಗೂ ಹೇಳಬೇಕಿಲ್ಲ.

ಹೊಂಬಾಳಿ ಮೂಟೆಯನ್ನೇ ನೋಡುತ್ತ ಕೂತಳು. ಆಮೇಲೆ, "ಅಕ್ಕಾ, ನನ್ನ ತೋಳಿಗೂ ಒಂದು ಎಳಿ" ಎಂದಳು.

"ತಲೆ ಕೆಟ್ಟೈತಾ?"

"ಅವ್ರು ನನ್ನ ಮಾತು ಕೇಳಲ್ಲ. ಮೊಕ ನೋಡಲ್ಲ. ನೋಡೋದು ತೋಳೊಂದೇ ಅಲ್ವಾ? ತೋಳೇ ಹೇಳ್ಲಿ. ತೋಂಟದಾರ್ಯ ಮಾವನ ಕೊಬ್ಬರಿ ಮಂಡಿಯಲ್ಲಿ ಬೆಳೆದೋನು. ಕೌಟು ಗುರುತು ಗೊತ್ತಾಗಲ್ವಾ ಅವನಿಗೆ?"

ತಾರು ಚರ್ಮ ಸುಡುತ್ತದೆಂದು ನಾನು ಸುಣ್ಣದಲ್ಲಿ ಎಳೆದೆ. ಶನಿವಾರ ಕಿಟಕಿಗೆ ಹೋದಳು. ಬಿಳಿ ಗೀಟು ಹೊತ್ತ ಕರಿ ತೋಳು ಸರಳಿನೊಳಗೆ ಹೋಯಿತು. ನಾನು ಮೊಣಕಾಲೂರಿ ಸಂದಿನಲ್ಲಿ ಇಣುಕಿದೆ. ಶನಿವಾರದ ಡಾಕ್ಟರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದರು. "ಸುಣ್ಣ ಬಳಿಯೋ ಕೆಲಸದಿಂದ ಹಂಗೇ ಎದ್ದು ಬಂದಿದ್ದಾಳೆ. ಎಂಥಾ ಕೊಳಕು ಜನ!" ಎಂದರು. ಒಂದೇ ಎಳೆತಕ್ಕೆ ಒರೆಸಿದರು. ನಾವು ಹೇಳಬೇಕೆಂದಿದ್ದುದೆಲ್ಲ ಹತ್ತಿಗೆ ಹತ್ತಿಕೊಂಡು ಬಕೆಟ್ಟಿಗೆ ಬಿತ್ತು.

"ಎಳ್ಕೊಳೇ!" ಎಂದು ಕೂಗಿದೆ.

ಎಳೆದುಕೊಂಡಳು. ಸೂಜಿ ಮೊಣಕೈಯವರೆಗೆ ಗೀರಿಕೊಂಡು ಹೋಯಿತು.

"ಸಾಯೋ ಆಸೆ ಇದ್ರೆ ಸಾಯಿ ಹೋಗು!" ಒಳಗಿನಿಂದ ಡಾಕ್ಟರು ಗದರಿದರು.

"ಆ ಆಸೆ ಇಲ್ಲ ಅಂತ್ಲೇ ಸ್ವಾಮಿ ಎಳ್ಕೊಂಡಿದ್ದು" ಎಂದಳು ಹೊಂಬಾಳಿ.

ದಾರಿಯಲ್ಲಿ ಅವಳು ಅಳಲಿಲ್ಲ. "ಒರೆಸೋಕಾಗದಂಗೆ ಎಳೀಬೇಕು ಅಕ್ಕಾ" ಎಂದಳು.

ಮಾಯಸಂದ್ರದ ಕಡೆಯಿಂದ ಹಚ್ಚೆ ಹಾಕುವ ಮುದುಕಿ ವರ್ಷಕ್ಕೊಮ್ಮೆ ನಮ್ಮ ಹಟ್ಟಿಗೆ ಬರುತ್ತಾಳೆ. ಈ ಸಲ ನಾವೇ ಹೋಗಿ ಕರೆದುಕೊಂಡು ಬಂದೆವು. ಮೊರದಲ್ಲಿ ರಾಗಿ ಇಟ್ಟು ಕೂರಿಸಿದೆವು. ಹೊಂಬಾಳಿ ಕಡ್ಡಿಯಿಂದ ನೆಲದ ಮೇಲೆ ಗುರುತು ಬರೆದು ತೋರಿಸಿದಳು.

ಮುದುಕಿ ಮುಖ ಸಿಂಡರಿಸಿದಳು. "ಇದು ಹೆಣ್ಣಿನ ತೋಳಿಗೆ ಹುಯ್ಯೋ ಗುರುತಲ್ಲ ಕಣವ್ವ. ಬಳ್ಳಿ ಹುಯ್ತೀನಿ, ಚೇಳು ಹುಯ್ತೀನಿ, ಗಂಡನ ಹೆಸರು ಬೇಕಾದ್ರೂ ಹುಯ್ತೀನಿ."

"ಗಂಡ ಹೋಗಿ ಆಯ್ತು. ಈಗ ನಾನು ಉಳೀಬೇಕು. ಇದ್ನೇ ಹುಯ್ಯಿ. ಎರಡು ತೋಳಿಗೂ ಹುಯ್ಯಿ. ಅವ್ರು ಯಾವ್ದು ಕೇಳ್ತಾರೋ ಏನೋ."

ಮುದುಕಿ ಸೂಜಿ ಚುಚ್ಚುತ್ತ ಪದ್ಧತಿಯಂತೆ ಹಾಡು ಹೇಳಿದಳು. ನೋವು ಮರೆಯಲಿ ಎಂದು ಹಾಡುವ ಹಾಡು. ಹೊಂಬಾಳಿ ಹಲ್ಲು ಕಚ್ಚಿ ಕೂತಿದ್ದಳು. ನಮ್ಮ ಹಟ್ಟಿಯ ಹಿರಿಯ ಚಿಕ್ಕಹನುಮಯ್ಯ ಬಂದು ನೋಡಿ ತಲೆ ಚಚ್ಚಿಕೊಂಡ. "ಕೆಟ್ಟ ಕೊಬ್ಬರಿ ಗುರುತ ಮೈಮೇಲೆ ಹಾಕ್ಕೊಂಡವಳ ಕಂಡಿರಲಿಲ್ಲ ಕಣೇ" ಎಂದ.

"ನಾನು ಹುಟ್ಟಿದಾಗ್ಲೇ ಅವ್ರು ಹಾಕವ್ರೆ ಮಾವ. ನಾನು ಕಾಣೋ ಹಂಗೆ ಮಾಡ್ಕೊಂಡೆ, ಅಷ್ಟೆಯ."

ಹಚ್ಚೆ ಆರಿ ಕಪ್ಪಗೆ ಕೂತ ಮೇಲೆ ಒಂದು ಭಾನುವಾರ ಹೋದೆವು. ಆ ವೇಳೆಗೆ ಕೈ ಮಣಿಕಟ್ಟಿನವರೆಗೆ ಊದಿತ್ತು. ಮೈ ಸುಡುತ್ತಿತ್ತು. ಕಿಟಕಿಯ ಬಳಿ ಹಟ್ಟಿಯ ಹತ್ತಾರು ಜನ ತಮ್ಮ ತಮ್ಮ ತೋಳು ಹೊತ್ತು ನಿಂತಿದ್ದರು. ಭಾನುವಾರ ಪರಮಶಿವಯ್ಯನವರು ಮುಂದಿನ ಹಜಾರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ತಾವು ಮಾಡುವ ಧರ್ಮವನ್ನು ತಾವೇ ಕಣ್ತುಂಬ ನೋಡಬೇಕಲ್ಲ.

ಹೊಂಬಾಳಿ ಬಲತೋಳು ಕೊಟ್ಟಳು. ನಾನು ಮತ್ತೆ ಸಂದಿನಲ್ಲಿ ಇಣುಕಿದೆ. ಭಾನುವಾರದ ಡಾಕ್ಟರು ವಯಸ್ಸಾದವರು. ಹತ್ತಿಯಿಂದ ಒರೆಸಿದರು. ಹೋಗಲಿಲ್ಲ. ಒತ್ತಿ ಒರೆಸಿದರು. ಹೋಗಲಿಲ್ಲ. ಕನ್ನಡಕ ಏರಿಸಿಕೊಂಡರು.

"ಇದೇನಯ್ಯ ತೋಂಟದಾರ್ಯ?"

ತೋಂಟದಾರ್ಯ ನೋಡಿದ. ಬಾಯಿಂದ ತಾನಾಗೇ ಬಂತು: "ಕೌಟು ಗುರುತು ಸಾರ್. ಕೈ ಹಾಕಬಾರ್ದು ಅಂತ."

"ಯಾಕೆ ಕೈ ಹಾಕಬಾರದು?"

ತೋಂಟದಾರ್ಯ ಬೆವರಿದ. ಜ್ಞಾಪಕ ಬಂತೆಂದು ಕಾಣುತ್ತದೆ. ಅಷ್ಟರಲ್ಲಿ ಪರಮಶಿವಯ್ಯನವರು ಎದ್ದು ಬಂದರು. ತೋಳು ನೋಡಿದರು. ಮುಖ ಕೆಂಪಗಾಯಿತು.

"ನಮ್ಮ ಮಂಡಿ ಗುರುತು ಇದು! ನನ್ನ ತಂದೆ ಕಾಲದ ಗುರುತು! ಯಾವಳೇ ಅದು ಹಾಕ್ಕೊಂಡಿರೋಳು?"

ಹೊಂಬಾಳಿ ತೋಳು ಹೊರಗೆ ಎಳೆದುಕೊಂಡಳು.

"ಕೇಳ್ತಾವ್ರಲ್ಲ, ಯಾವಳು ಅಂತ" ಎಂದಳು ನನಗೆ. "ಹೋಗಿ ತೋರಿಸ್ಬುಡ್ತೀನಿ. ಇನ್ನು ಕಿಟಕಿಗೆ ತೋಳು ಕೊಡಲ್ಲ."

ಊದಿದ ಕೈಯನ್ನು ಎದೆಗಾನಿಸಿಕೊಂಡು ಗೋಡೆ ಸುತ್ತಿ ನಡೆದಳು. ನಾನು ಹಿಂದೆ ಹೋದೆ. ನಮ್ಮ ಹಿಂದೆ ಉಳಿದ ತೋಳುಗಳೂ ಬಂದವು. ಮುಂಬಾಗಿಲಲ್ಲಿ ತೋಂಟದಾರ್ಯ ಅಡ್ಡ ನಿಂತ.

"ಎಲ್ಲಿಗೆ ಬತ್ತೀಯ? ಕಿಟಕಿ ಹಿಂದ್ಗಡೆ ಐತೆ."

"ಅದು ಅಲ್ಲೇ ಇರ್ಲಿ ಬುಡಪ್ಪ. ನನ್ನ ದಾರಿ ಬುಡು. ಮುಟ್ಟಿಸಿಕೋತೀಯಾ?"

ತೋಂಟದಾರ್ಯ ಹಾರಿ ಪಕ್ಕಕ್ಕೆ ಸರಿದ. ಮೈಲಿಗೆಯಿಂದ ನಮಗೂ ಒಮ್ಮೊಮ್ಮೆ ಉಪಕಾರವಾಗುತ್ತದೆ.

ಹೊಂಬಾಳಿ ಒಳಗೆ ಹೋಗಿ ಬೆಂಚಿನ ಮೇಲೆ ಮೀನಾಕ್ಷಮ್ಮನವರ ಪಕ್ಕ ಕೂತಳು. ಮೀನಾಕ್ಷಮ್ಮನವರು ಎರಡು ವರ್ಷದಿಂದ ಇಬ್ಬರು ಹಿಡಿಯದೆ ಎದ್ದವರಲ್ಲ. ಚಂಗನೆ ಎದ್ದು ಮೂಲೆಗೆ ಓಡಿದರು. ಆ ಔಷಧಾಲಯದಲ್ಲಿ ಒಂದು ಕಾಯಿಲೆ ಪೂರ್ತಿ ವಾಸಿಯಾದದ್ದನ್ನು ನಾನು ಕಣ್ಣಾರೆ ಕಂಡದ್ದು ಅಂದೇ ಮೊದಲು.

"ಏಳೇ ಮೇಲೆ!" ಪರಮಶಿವಯ್ಯನವರು ಗುಡುಗಿದರು. "ನಾಳೆಯಿಂದ ನಿಮ್ಮ ಹಟ್ಟಿಯೋರು ಯಾರೂ ಕಣಕ್ಕೆ ಕಾಲಿಡಬ್ಯಾಡಿ."

"ಆಯ್ತು ಬುದ್ಧಿ" ಎಂದಳು ಹೊಂಬಾಳಿ. "ಅದು ನಾಳೆ ಮಾತು. ಇವತ್ತು ಡಾಕ್ಟ್ರಿಗೆ ನನ್ನ ಕಥೆ ಹೇಳ್ತೀನಿ. ತೋಳಿಗೆ ಬಾಯಿಲ್ಲ, ನಂಗೈತೆ. ಸ್ವಾಮಿ, ನನ್ನ ಮೊಕ ನೋಡಿ. ನಾನು ಹೊಂಬಾಳಮ್ಮ. ಆ ಪುಡಿ ಸೂಜಿ ಹಾಕಿದ್ರೆ ನಾನು ಸಾಯ್ತೀನಿ. ಇಲ್ಲೇ ಹಿಂದ್ಗಡೆ ಕೆಸರಲ್ಲಿ ಒಂದು ಸಲ ಬಿದ್ದು ಎದ್ದಿವ್ನಿ. ಈ ತೋಂಟದಾರ್ಯಪ್ಪಂಗೆ ಗೊತ್ತೈತೆ. ನಿಮ್ಗೆ ಹೇಳ್ಲಿಲ್ಲ, ಗುರುವಾರದೋರಿಗೂ ಹೇಳ್ಲಿಲ್ಲ, ಶನಿವಾರದೋರಿಗೂ ಹೇಳ್ಲಿಲ್ಲ. ಅಜ್ಜಿ ತಿಂದ ಇಡ್ಲಿ ಹೇಳ್ದ."

ಡಾಕ್ಟರು ತೋಂಟದಾರ್ಯನನ್ನು ನೋಡಿದರು. ಅವನು ನೆಲ ನೋಡಿದ. ಡಾಕ್ಟರು ಕೈಯಲ್ಲಿದ್ದ ಸಿರಿಂಜನ್ನು ನೋಡಿದರು. ಪುಡಿಯ ಬುಡ್ಡಿ ಪಕ್ಕದಲ್ಲೇ ಖಾಲಿಯಾಗಿ ಬಿದ್ದಿತ್ತು. ಸಿರಿಂಜನ್ನು ತಟ್ಟೆಗೆ ಇಟ್ಟರು.

"ಎಲ್ಲಿ, ಗಾಯ ತೋರ್ಸಮ್ಮ" ಎಂದರು.

ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಒಂದು ಕಡೆ ಹೊಂಬಾಳಿ ಕಿರುಚಿದಳು. ಅಲ್ಲಿ ಕೊಯ್ದರು. ಕೀವು ಬಂತು, ರಕ್ತ ಬಂತು, ಚಿಮಟದ ತುದಿಯಲ್ಲಿ ಉಗುರಿನಷ್ಟು ಕರಿ ಚೂರು ಬಂತು. ತೆಂಗಿನ ಚಿಪ್ಪು. ಮಳೆಗಾಲದ ಮೊದಲಿಂದ ಅಲ್ಲೇ ಇತ್ತು. ಯಾವ ವಾರದವರಾದರೂ ಒಂದು ಸಲ ಅಂಗೈ ಹಿಡಿದು ಒತ್ತಿದ್ದರೆ ಸಿಗುತ್ತಿತ್ತು.

ಹೊಂಬಾಳಿ ಆ ಚೂರನ್ನು ಬಲಗೈಯಲ್ಲಿ ಎತ್ತಿಕೊಂಡಳು. ಪರಮಶಿವಯ್ಯನವರ ಮುಂದಿನ ಮೇಜಿನ ಮೇಲೆ ಇಟ್ಟಳು.

"ನಿಮ್ಮ ಅಟ್ಟದ ಕಾಯಿದು ಬುದ್ಧಿ. ನನ್ನತ್ರ ಉಳ್ಕೊಂಡಿತ್ತು."

ಮಾರನೆಯ ದಿನದಿಂದ ನಾವು ಕಣಕ್ಕೆ ಕಾಲಿಡಲಿಲ್ಲ. ಅವರೇ ಹೇಳಿದ್ದರಲ್ಲ, ಹಿರಿಯರ ಮಾತು. ಔಷಧಾಲಯಕ್ಕೂ ರಿಪೇರಿ ಎಂದು ಬೀಗ ಬಿತ್ತು. ಸೋನೆ ಮಳೆ ಹಿಡಿದುಕೊಂಡಿತು. ಅಟ್ಟದ ತುಂಬ ಇನ್ನೇನು ಇಳಿಸಬೇಕಾದ ಕಾಯಿ. ಪರಮಶಿವಯ್ಯನವರು ಹಂದನಕೆರೆ ಕಡೆಯಿಂದ ಒಬ್ಬಳನ್ನು ಹೊಗೆ ಹಾಕಲು ಕರೆಸಿದರು. ಅವಳು ಕಸುಬಿನವಳು. ಮೊದಲು ನನ್ನ ಗುಡಿಸಲಿಗೇ ಬಂದಳು. ಹಿಂದೆ ಕೊಡೆ ಹಿಡಿದು ತೋಂಟದಾರ್ಯ.

"ಅಕ್ಕಾ, ಯಾವ ಮೂಲೆಗೆ ಎಷ್ಟು ಹೊಗೆ ಕೊಟ್ಟಿದ್ರಿ? ಯಾವ್ದು ಥಂಡಿ ಹಿಡಿದೈತೆ?" ಎಂದು ಕೇಳಿದಳು.

ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಕೂರಿಸಿ ಬೆಲ್ಲದ ಕಾಫಿ ಕೊಟ್ಟೆ. ತೋಂಟದಾರ್ಯನಿಗೆ ಹೇಳಿದೆ:

"ನಂಗೇನೂ ಜ್ಞಾಪಕ ಇಲ್ಲ ಕಣಪ್ಪ. ಅಟ್ಟ ಹತ್ತಿ ಕಾಯಿನೇ ಕೇಳು ಹೋಗು. ಏನಾಗಿದೆ, ಎಷ್ಟು ದಿನದಿಂದ, ಅಂತ ಮೊದ್ಲಿಂದ ಕೇಳು. ತೋಳು ಕೊಟ್ರೆ ಸೂಜಿ ಹಾಕು."

ಹಂದನಕೆರೆಯವಳು ಕಾಫಿ ಕುಡಿದು ನಕ್ಕಳು. ಸಂಜೆಯ ಬಸ್ಸಿಗೆ ವಾಪಸ್ಸು ಹೋದಳು.

ಅಟ್ಟದಿಂದ ಕೌಟು ವಾಸನೆ ಬೀದಿಗೆ ಬರುವವರೆಗೆ ಪರಮಶಿವಯ್ಯನವರು ತಡೆದರು. ಆಮೇಲೆ ಚಿಕ್ಕಹನುಮಯ್ಯನನ್ನು ಕರೆಸಿ, ಹಟ್ಟಿಯವರು ಕಣಕ್ಕೆ ಬರಲಿ ಎಂದರು. ಔಷಧಾಲಯದ ಬೀಗ ತೆಗೆಯಿತು. ಹಿಂದಿನ ಕಿಟಕಿಯನ್ನು ಇಟ್ಟಿಗೆಯಿಟ್ಟು ಮುಚ್ಚಿದ್ದರು. ಗಾಳಿಗೆ ಔಷಧಿ ಕೆಡುತ್ತಿತ್ತು, ಅದಕ್ಕೆ ಮುಚ್ಚಿಸಿದೆ ಎಂದು ಅಧ್ಯಕ್ಷರು ಭಾಷಣದಲ್ಲಿ ಹೇಳಿದರು. ನಾವೂ ಚಪ್ಪಾಳೆ ತಟ್ಟಿದೆವು. ಮೀನಾಕ್ಷಮ್ಮನವರಿಗೆ ಡಾಕ್ಟರು ಈಗ ಮನೆಗೇ ಹೋಗುತ್ತಾರೆ. ಮಂಡಿ ನೋವು ಮತ್ತೆ ಬಂದಿದೆಯಂತೆ.

ಡಾಕ್ಟರುಗಳು ಈಗಲೂ ದಿನಕ್ಕೊಬ್ಬರು. ಹೊಂಬಾಳಿಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ, ಆದರೂ ಚಿಪ್ಪು ಬಿಡಿಸುತ್ತಾಳೆ. ಕಾಯಿಲೆಯಾದರೆ ಮುಂಬಾಗಿಲಿಂದ ಹೋಗಿ ಬೆಂಚಿನ ಮೇಲೆ ಕೂರುತ್ತಾಳೆ. ಹೊಸ ಡಾಕ್ಟರು ಹಚ್ಚೆ ನೋಡಿ ಏನಿದು ಎನ್ನುತ್ತಾರೆ. ಅವಳು ಮೊದಲಿಂದ ಕೊನೆಯವರೆಗೆ ಹೇಳುತ್ತಾಳೆ. ಕೇಳಿ ಮುಗಿಸುವವರೆಗೆ ತೋಳು ಕೊಡುವುದಿಲ್ಲ.

ಇನ್ನೊಂದು ಮಾತು ಮರೆತಿದ್ದೆ. ಪರಮಶಿವಯ್ಯನವರು ತಂದೆ ಕಾಲದ ಮಂಡಿ ಗುರುತನ್ನು ಬದಲಾಯಿಸಿದ್ದಾರೆ. ಕೌಟು ಮೂಟೆಗೆ ಈಗ ಕತ್ತರಿ ಗೀಟಿಲ್ಲ, ಬರೀ ಒಂದು ಸೊನ್ನೆ. ಹಟ್ಟಿ ಹೆಂಗಸಿನ ಮೈಮೇಲಿರುವ ಗುರುತನ್ನು ಕೊಬ್ಬರಿ ಮೇಲೆ ಹಾಕಿದರೆ ಮೈಲಿಗೆಯಂತೆ.

ಕೆಟ್ಟು ನಾರುವ ಕೊಬ್ಬರಿಗೆ!